ತಾಗಿದರೆ ಒಂದು ಸುತ್ತು

ನವೆಂಬರ್ 3

ಅಪ್ಪನಿಗೆ,

ಫೋನಿನಲ್ಲಿ ಎರಡನೇ ಮಾತಿಗೇ ನೀನು ಕೂಗುತ್ತೀಯ, ಮೂರನೇ ಮಾತಿಗೆ ನಾನು ಕಟ್ ಮಾಡುತ್ತೇನೆ. ಅದಕ್ಕೇ ಅಮ್ಮ ಹೇಳಿದ ಹಾಗೆ ಕಾಗದ ಬರೆಯುತ್ತಿದ್ದೇನೆ. ಕಾಗದದಲ್ಲಿ ಮಧ್ಯೆ ಬಾಯಿ ಹಾಕಲು ಆಗುವುದಿಲ್ಲ, ಇಬ್ಬರಿಗೂ ಒಳ್ಳೆಯದು.

ಬಂದು ಸೇರಿದೆ. ಬೋಟ್ ಕ್ಲಬ್ಬು ಹಿನ್ನೀರಿನ ದಂಡೆಯ ಮೇಲಿದೆ. ಸ್ವಂತ ಹಾಯಿದೋಣಿ ಇಟ್ಟುಕೊಂಡವರು ರಜೆಯ ದಿನ ಬರುತ್ತಾರೆ. ಒಬ್ಬರು ಹಲ್ಲಿನ ಡಾಕ್ಟರು, ಒಬ್ಬರು ಬ್ಯಾಂಕಿನವರು, ಗಂಡಹೆಂಡತಿ ಜಗಳವಾಡಲೆಂದೇ ದೋಣಿ ತೆಗೆದುಕೊಂಡ ಒಂದು ಜೋಡಿ. ಉಳಿದ ದಿನಗಳಲ್ಲಿ ದೋಣಿ ತೊಳೆಯುವುದು, ಹಾಯಿ ಒಣಗಿಸಿ ಮಡಿಸುವುದು ನನ್ನ ಕೆಲಸ. ಹಾಯಿ ಇಡುವ ಉಗ್ರಾಣದ ಮೇಲಿನ ರೂಮು ನನ್ನದು. ಕಿಟಕಿ ಮುಚ್ಚಲು ಬರುವುದಿಲ್ಲ. ನನಗೂ ಮುಚ್ಚುವ ಆಸೆಯಿಲ್ಲ.

ಕಲಿಸುವವರನ್ನು ಎಲ್ಲರೂ ಕ್ಯಾಪ್ಟನಮ್ಮ ಅನ್ನುತ್ತಾರೆ. ಅವರು ಈ ದಡದಲ್ಲಿ ಕೆಮ್ಮಿದರೆ ಆ ದಡದ ಕೊಕ್ಕರೆ ಹಾರುತ್ತದೆ. ಶಾಲೆ ಬಿಟ್ಟು ಓಡಿ ಬಂದವಳಿಗೆ ಮೊದಲ ದಿನವೇ ಕಂಠಪಾಠ. ದೋಣಿಯಲ್ಲಿ ಹಗ್ಗ ಅನ್ನುವ ಮಾತೇ ಇಲ್ಲವಂತೆ. ಹಾಯಿ ಮೇಲೇರಿಸುವುದು ಹ್ಯಾಲ್ಯಾರ್ಡ್, ಹಾಯಿಯನ್ನು ಬಿಗಿ ಸಡಿಲ ಮಾಡುವುದು ಶೀಟ್. ನಾನು "ಆ ಹಗ್ಗಾನಾ?" ಅಂದೆ. "ಯಾವ ಹಗ್ಗ? ಇಲ್ಲೇನು ಬಾವಿ ಇದ್ಯಾ?" ಅಂದರು.

ದೋಣಿಯ ಎಡಬದಿ ಪೋರ್ಟ್, ಅದಕ್ಕೆ ಕೆಂಪು ದೀಪ. ಬಲಬದಿ ಸ್ಟಾರ್‌ಬೋರ್ಡ್, ಹಸಿರು ದೀಪ. ನಾನು ಹಿಂದೆ ತಿರುಗಿ ನಿಂತರೂ ಪೋರ್ಟ್ ಅಲ್ಲೇ ಇರುತ್ತದೆ. ಅದು ನನ್ನ ಎಡವಲ್ಲ, ದೋಣಿಯ ಎಡ. ಇದು ತಲೆಗೆ ಹತ್ತಲು ಒಂದು ವಾರ ಹಿಡಿಯಿತು. ಇನ್ನು ಚುಕ್ಕಾಣಿಯ ಹಿಡಿ. ಅದನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುತ್ತದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತೀಯಲ್ಲ, ಹಾಗೆ. ಸುಳ್ಳು ಹೇಳುವುದಿಲ್ಲ, ಮೊದಲ ಸಲವೇ ದೋಣಿ ಕಟ್ಟುವ ಕಟ್ಟೆಗೆ, ಅದೇ ಜೆಟ್ಟಿಗೆ, ಗುದ್ದಿದೆ.

ನಿನ್ನ ಷರತ್ತು ನೆನಪಿದೆ. ಆಮೇಲೆ ಜಾರಬಾರದೆಂದು ನನ್ನ ಕೈಯಿಂದಲೇ ಬರೆಯುತ್ತೇನೆ. ಚಳಿ ಮುಗಿಯುವುದರೊಳಗೆ ನನಗೆ ಚುಕ್ಕಾಣಿ ಪರವಾನಗಿ ಸಿಗಬೇಕು. ಅದಿದ್ದರೆ ಅತಿಥಿಗಳನ್ನು ದೋಣಿಯಲ್ಲಿ ಕರೆದೊಯ್ಯಬಹುದು, ಇಲ್ಲೇ ಕೆಲಸ ಖಾಯಂ. ಸಿಗದಿದ್ದರೆ ಮನೆಗೆ ಬಂದು ಬಿಟ್ಟ ಪರೀಕ್ಷೆಗೆ ಕೂರುತ್ತೇನೆ. ಸಿಕ್ಕರೆ ನೀನು ಮತ್ತೆ ಆ ಮಾತು ಎತ್ತುವಂತಿಲ್ಲ.

ಬುಗುರಿ

ನವೆಂಬರ್ 12

ಬುಗುರಿಗೆ,

ನಿನ್ನ ಕಾಗದ ಅಮ್ಮ ಎರಡು ಸಲ ಓದಿಸಿದಳು. ಹೊಲಿಗೆ ಮೆಷಿನ್ ನಿಲ್ಲಿಸಿ ಕೇಳಿದಳು ಅಂದರೆ ನೀನೇ ಲೆಕ್ಕ ಹಾಕು.

ಪೋರ್ಟ್ ವಿಷಯಕ್ಕೆ ಒಂದು ವಾರ ಯಾಕೆ ಬೇಕಾಯಿತೋ ತಿಳಿಯಲಿಲ್ಲ. ನಮ್ಮ ಬಸ್ಸಿನ ಕಂಡಕ್ಟರ್ ದಿನವೂ ಹಿಂದೆ ಮುಖ ಮಾಡಿ ನಿಂತೇ ಟಿಕೆಟ್ ಕೊಡುತ್ತಾನೆ. ಹಾಗಂತ ಬಾಗಿಲು ಬೇರೆ ಕಡೆ ಹೋಗುತ್ತದೆಯೇ? ಬಾಗಿಲ ಕಡೆ ಬಾಗಿಲ ಕಡೆಯೇ. ನಿನ್ನ ಕ್ಯಾಪ್ಟನಮ್ಮನಿಗೆ ಹೇಳು, ಡ್ರೈವರ್ ಮಗಳಿಗೆ ಹೀಗೆ ಹೇಳಿಕೊಡಬೇಕಿತ್ತು ಅಂತ.

ಆದರೆ ಎಡಕ್ಕೆ ತಳ್ಳಿದರೆ ಬಲಕ್ಕೆ ಹೋಗುವ ಸ್ಟೀರಿಂಗನ್ನು ಯಾವ ಪುಣ್ಯಾತ್ಮ ಮಾಡಿದ? ಇಷ್ಟು ವರ್ಷ ಬಸ್ ಓಡಿಸಿದವನಿಗೆ ಓದಿಯೇ ತೋಳು ನೋವು ಬಂತು. ಬ್ರೇಕ್ ಎಲ್ಲಿದೆ ಅಂತ ನೀನು ಬರೆದಿಲ್ಲ.

ಇಲ್ಲಿ ಎಲ್ಲ ಮೊದಲಿನ ಹಾಗೆ. ಫ್ಲಾಸ್ಕ್ ಅಮ್ಮ ನಿನ್ನನ್ನು ಕೇಳಿದರು. ನನ್ನ ಹಿಂದಿನ ಸೀಟಿನಲ್ಲಿ ಕೂತು ಆಸ್ಪತ್ರೆ ಸ್ಟಾಪಿನಲ್ಲಿ ಇಳಿಯುತ್ತಾರಲ್ಲ, ಅವರು. "ನಿಮ್ಮ ಹುಡುಗಿ ನೀರಿಗೆ ಬಿದ್ಳಂತೆ" ಅಂದರು. "ನೀರಿನ ಕೆಲಸಕ್ಕೆ ಸೇರಿದಾಳೆ ಕಣಮ್ಮ" ಅಂದೆ. "ಎರಡೂ ಒಂದೇ" ಅಂದರು.

ಷರತ್ತು ಷರತ್ತೇ. ತೇಲುವ ಜಾಕೆಟ್ ಹಾಕುತ್ತಾಳಾ ಕೇಳಿ ಅಂತ ಅಮ್ಮ.

ಅಪ್ಪ

ಡಿಸೆಂಬರ್ 1

ಅಪ್ಪನಿಗೆ,

ಜಾಕೆಟ್ ಹಾಕುತ್ತೇನೆ. ಹಾಕದವರನ್ನು ಕ್ಯಾಪ್ಟನಮ್ಮ ಜೆಟ್ಟಿಯನ್ನೇ ದಾಟಿಸುವುದಿಲ್ಲ.

ಬ್ರೇಕ್ ಇಲ್ಲ ಅಪ್ಪ. ಕಾಲಿಗೆ ಸಿಗುವಂಥದ್ದು ಏನೂ ಇಲ್ಲ. ನಿಲ್ಲಬೇಕಾದರೆ ದೋಣಿಯ ಮೂತಿಯನ್ನು ನೇರ ಗಾಳಿಗೆ ತಿರುಗಿಸಬೇಕು. ಹಾಯಿ ಪಟಪಟ ಬಡಿದುಕೊಂಡು ಸುಸ್ತಾಗುತ್ತದೆ, ದೋಣಿ ತಾನೇ ನಿಲ್ಲುತ್ತದೆ. ಎಷ್ಟು ದೂರದಲ್ಲಿ ತಿರುಗಿಸಬೇಕು ಅನ್ನುವುದೇ ವಿದ್ಯೆ. ಬೇಗ ತಿರುಗಿಸಿದರೆ ಜೆಟ್ಟಿ ಸಿಗುವುದಿಲ್ಲ, ತಡವಾದರೆ ಜೆಟ್ಟಿಯೇ ನಮಗೆ ಸಿಗುತ್ತದೆ.

ಗಾಳಿಗೆ ಎದುರಾಗಿ ನೇರ ಹೋಗಲು ಬರುವುದಿಲ್ಲ. ಓರೆಯಾಗಿ ಸ್ವಲ್ಪ ಹೋಗಿ, ತಿರುಗಿ, ಇನ್ನೊಂದು ಓರೆಗೆ ಸ್ವಲ್ಪ ಹೋಗಬೇಕು. ಇದಕ್ಕೆ ಟ್ಯಾಕ್ ಅನ್ನುತ್ತಾರೆ. ಪ್ರತಿ ತಿರುವಿಗೂ ಹಾಯಿಯ ಕೆಳಗಿನ ಅಡ್ಡಕಂಬ ಆ ಬದಿಯಿಂದ ಈ ಬದಿಗೆ ಬೀಸಿ ಬರುತ್ತದೆ. ಆಗ ಚುಕ್ಕಾಣಿ ಹಿಡಿದವರು "ತಲೆ" ಅಂತ ಹೇಳಬೇಕು, ಕೂತವರು ಬಗ್ಗಬೇಕು. ಬ್ಯಾಂಕಿನವರು ಒಮ್ಮೆ "ಯಾರ ತಲೆ?" ಅಂತ ಕೇಳಿದರು. ಉತ್ತರ ಹಣೆಯ ಮೇಲೆ ಬಂತು.

ಈಗ ನಿಜವಾಗಿ ಬರೆಯಬೇಕು ಅಂತ ಕೂತ ವಿಷಯ. ಕಳೆದ ಭಾನುವಾರ ಪಂದ್ಯ ಇತ್ತು. ನೀರಿನಲ್ಲಿ ಮೂರು ಕಿತ್ತಳೆ ಬಣ್ಣದ ಬೋಯಾ ತೇಲಿಬಿಟ್ಟಿರುತ್ತಾರೆ, ದಪ್ಪ ಬಲೂನಿನ ಹಾಗೆ, ಕೆಳಗೆ ಲಂಗರು ಕಟ್ಟಿ. ಅವನ್ನು ಸುತ್ತಿ ಬರಬೇಕು, ತಾಗಬಾರದು. ಹಲ್ಲಿನ ಡಾಕ್ಟರು ಎಲ್ಲರಿಗಿಂತ ಮುಂದಿದ್ದರು. ದೂರದ ಬೋಯಾ ದಾಟಿದ ಮೇಲೆ ಇದ್ದಕ್ಕಿದ್ದ ಹಾಗೆ ದೋಣಿಯನ್ನು ನಿಂತಲ್ಲೇ ಪೂರಾ ಒಂದು ಸುತ್ತು ತಿರುಗಿಸಿದರು. ಅಷ್ಟರಲ್ಲಿ ಜಗಳದ ಜೋಡಿ ಅವರನ್ನು ದಾಟಿ ಹೋಯಿತು. ದಡಕ್ಕೆ ಬಂದಾಗ ಕೇಳಿದೆ. "ತಾಗ್ತಮ್ಮ, ಬೋಯಾ. ತಾಗಿದ್ರೆ ಒಂದು ಸುತ್ತು" ಅಂದರು. "ಯಾರು ನೋಡಿದ್ರು?" ಅಂದೆ. ನನ್ನನ್ನು ವಿಚಿತ್ರವಾಗಿ ನೋಡಿ, "ನಾನೇ ಇದ್ನಲ್ಲ" ಅಂದರು.

ಇಲ್ಲಿ ಸೀಟಿ ಊದುವವರಿಲ್ಲ ಅಪ್ಪ. ಕುಂಬಳಕಾಯಿ ಕಳ್ಳ ಅಂತ ಯಾರೂ ಅನ್ನುವುದಿಲ್ಲ, ಆದರೂ ಪ್ರತಿಯೊಬ್ಬರೂ ತಮ್ಮ ಹೆಗಲು ತಾವೇ ನೋಡಿಕೊಳ್ಳುತ್ತಾರೆ. ಒಂದು ಸುತ್ತು ಹಾಕಿದರೆ ಮುಗಿಯಿತು, ಆಮೇಲೆ ಯಾರೂ ಆ ಮಾತು ಎತ್ತುವುದಿಲ್ಲ. ಶಾಲೆಯಲ್ಲಿ ನಾನು ನಿಜ ಹೇಳಿದಾಗೆಲ್ಲ ಒಂದು ವಾರ ಅದೇ ಮಾತು ನಡೆಯುತ್ತಿತ್ತು. ನಾನು ಇಲ್ಲೇ ಇರಬೇಕು ಅಂತ ಅವತ್ತು ಅನ್ನಿಸಿತು. ನಿನ್ನ ಮನಸ್ಸು ಕರಗಲಿ ಅಂತ ಬರೆದದ್ದಲ್ಲ. ಅನ್ನಿಸಿತು, ಬರೆದೆ.

ಬುಗುರಿ

ಡಿಸೆಂಬರ್ 20

ಬುಗುರಿಗೆ,

ಎಲ್ಲರೂ ಚೆನ್ನಾಗಿದ್ದೇವೆ. ಆ ಸುತ್ತಿನ ವಿಷಯ ಸ್ವಲ್ಪ ಬಿಡಿಸಿ ಬರೆ. ತಾಗಿದವನು ಸುತ್ತು ಹಾಕದೇ ಹೋದರೆ ಏನು ಮಾಡುತ್ತಾರೆ? ಮೊದಲ ದಿನದಿಂದಲೇ ಹಾಗೆ ಮಾಡುತ್ತಾರೋ, ಯಾರಾದರೂ ರೂಢಿ ಮಾಡಿಸುತ್ತಾರೋ?

ಇನ್ನೊಂದು. ಚುಕ್ಕಾಣಿಯನ್ನು ಗಟ್ಟಿಯಾಗಿ ಅಮುಕಿ ಹಿಡಿಯುವ ಹೊಸಬರಿಗೆ ನಿಮ್ಮ ಕ್ಯಾಪ್ಟನಮ್ಮ ಏನು ಹೇಳುತ್ತಾರೆ? ಬೈದರೆ ಇನ್ನೂ ಗಟ್ಟಿ ಹಿಡಿಯುತ್ತಾರೆ, ಅದು ನನಗೆ ಗೊತ್ತು.

ಸುಮ್ಮನೆ ಕೇಳಿದೆ.

ಅಪ್ಪ

ಜನವರಿ 8

ಅಪ್ಪನಿಗೆ,

ನೀನು ಸುಮ್ಮನೆ ಏನನ್ನೂ ಕೇಳುವವನಲ್ಲ. ಗಟ್ಟಿಯಾಗಿ ಅಮುಕಿ ಹಿಡಿಯುವ ಹೊಸಬರು ಅಂದರೆ ನಾನೇ ತಾನೇ? ಅಮ್ಮ ಏನಾದರೂ ಹೇಳಿದಳಾ? ಹೌದು, ಮೊದಮೊದಲು ಅಂಗೈಯಲ್ಲಿ ಗುಳ್ಳೆ ಬಂದಿತ್ತು. ಈಗಿಲ್ಲ. ಅದನ್ನು ಹಿಡಿದುಕೊಂಡು ಪರೀಕ್ಷೆಗೆ ವಾಪಸ್ ಬಾ ಅನ್ನುವ ಯೋಚನೆ ಇದ್ದರೆ ಬಿಡು.

ಆದರೂ ಕೇಳಿದ್ದಕ್ಕೆ ಉತ್ತರ. ಕ್ಯಾಪ್ಟನಮ್ಮ ಹೊಸಬರ ಕೈಗೆ ಚುಕ್ಕಾಣಿ ಕೊಟ್ಟು, "ಎರಡೇ ಬೆರಳು" ಅನ್ನುತ್ತಾರೆ. ಹೆಬ್ಬೆರಳು, ತೋರುಬೆರಳು. ಇನ್ನೊಂದು ಬೆರಳು ಸೇರಿಸಿದರೆ ಒಂದು ಹಾಡು ಹೇಳಬೇಕು. ನಾನು ಎರಡು ದಿನ ಹಾಡಿದೆ, ಮೂರನೇ ದಿನ ಅವರೇ ಸಾಕು ಅಂದರು.

ಸುತ್ತು ಹಾಕದವರನ್ನು ಯಾರೂ ಏನೂ ಮಾಡುವುದಿಲ್ಲ. ದೊಡ್ಡವರು ಹಾಕುವುದನ್ನು ನೋಡಿ ಚಿಕ್ಕವರು ಹಾಕುತ್ತಾರೆ, ಅಷ್ಟೇ ಅನ್ನಿಸುತ್ತದೆ.

ನನ್ನ ಪರವಾನಗಿ ಪರೀಕ್ಷೆ ಫೆಬ್ರವರಿ ಹದಿನೈದಕ್ಕೆ. ದೋಣಿಯ ಬಗ್ಗೆ ಏನೂ ತಿಳಿಯದ ಒಬ್ಬರನ್ನು ಅತಿಥಿಯಾಗಿ ಕೂರಿಸಿಕೊಂಡು ಮೂರು ಬೋಯಾ ಸುತ್ತಿ, ದಡದ ಬಾವುಟ ಇಳಿಯುವುದರೊಳಗೆ ವಾಪಸ್ ಬಂದು ಜೆಟ್ಟಿಗೆ ಗುದ್ದದೆ ನಿಲ್ಲಿಸಬೇಕು. ಅತಿಥಿಯಾಗಿ ಯಾವಾಗಲೂ ಆಫೀಸಿನ ಗುಮಾಸ್ತರು ಕೂರುತ್ತಾರೆ. ಅವರಿಗೆ ನೀರು ಕಂಡರೆ ಆಗದು. ಕೆಲಸ ಮಾತ್ರ ಇಲ್ಲಿ.

ಫ್ಲಾಸ್ಕ್ ಅಮ್ಮ ಹೇಗಿದ್ದಾರೆ? ಈಚೆಗೆ ನೀನು ರೂಟಿನ ಸುದ್ದಿಯನ್ನೇ ಬರೆಯುವುದಿಲ್ಲ.

ಬುಗುರಿ

ಫೆಬ್ರವರಿ 16

ಅಪ್ಪನಿಗೆ,

ಫೇಲಾದೆ.

ಎರಡು ಬೋಯಾ ಚೆನ್ನಾಗಿ ಸುತ್ತಿದೆ. ಮೂರನೆಯದನ್ನು ಆಸೆಪಟ್ಟು ಹತ್ತಿರದಿಂದ ಸುತ್ತಲು ಹೋದೆ. ದೋಣಿಯ ಹಿಂಬದಿ ಅದನ್ನು ಸವರಿತು, ಬೆಕ್ಕು ಕಾಲು ಸವರಿಕೊಂಡು ಹೋಗುವ ಹಾಗೆ. ಸದ್ದೂ ಆಗಲಿಲ್ಲ. ದಡ ದೂರ. ಗುಮಾಸ್ತರು ಹೊರಟಾಗಿನಿಂದ ಕಣ್ಣು ಮುಚ್ಚಿಯೇ ಕೂತಿದ್ದರು. ಬಾವುಟ ಇನ್ನೂ ಮೇಲಿತ್ತು.

ಒಂದು ಸುತ್ತು ಹಾಕಿದೆ. ಸುತ್ತು ಮುಗಿಯುವಷ್ಟರಲ್ಲಿ ಗಾಳಿ ಬಿತ್ತು. ಸತ್ತೇ ಹೋಯಿತು ಅನ್ನು. ಹಾಯಿ ಒಗೆದ ಸೀರೆಯ ಹಾಗೆ ಜೋತುಬಿತ್ತು. ಗುಮಾಸ್ತರು ಕಣ್ಣು ತೆರೆದು, "ಬಂದ್ವಾ?" ಅಂದರು. ಬಾವುಟ ಇಳಿಯುವುದನ್ನು ಇಬ್ಬರೂ ಕೂತು ನೋಡಿದೆವು.

ಕ್ಯಾಪ್ಟನಮ್ಮ, "ಸುತ್ತು ಹಾಕಿದ್ದು ಸರಿ. ಬಾವುಟ ಇಳಿದಿದ್ದೂ ಸರಿ. ಮಾರ್ಚಿನಲ್ಲಿ ಮತ್ತೆ ಕೂತ್ಕೋ" ಅಂದರು. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಆದರೆ ಮಾರ್ಚಿಗೆ ಚಳಿ ಇರುವುದಿಲ್ಲ, ನಮ್ಮ ಮಾತು ಅಷ್ಟರೊಳಗೆ ಅಂತ.

ಒಂದು ಮಾತ್ರ ನಿಜ. ಸುತ್ತು ಹಾಕಿದ್ದಕ್ಕೆ ಬೇಜಾರಿಲ್ಲ. ರಾತ್ರಿ ಚೆನ್ನಾಗಿ ನಿದ್ದೆ ಬಂತು, ನನಗೇ ಆಶ್ಚರ್ಯ. ತಿಂಗಳ ಕೊನೆಗೆ ಬರುತ್ತೇನೆ. ನನ್ನ ಪುಸ್ತಕಗಳನ್ನು ಅಮ್ಮ ಬಟ್ಟೆ ಕತ್ತರಿಸುವಾಗ ಭಾರಕ್ಕೆ ಇಟ್ಟುಕೊಂಡಿದ್ದಳು, ತೆಗೆದಿಡಲು ಹೇಳು.

ಬುಗುರಿ

ಫೆಬ್ರವರಿ 20

ಬುಗುರಿಗೆ,

ಇಲ್ಲಿ ಚಳಿ ಮುಗಿದಿಲ್ಲ. ಅಮ್ಮ ಇನ್ನೂ ಕಂಬಳಿ ಹೊದೆಯುತ್ತಾಳೆ. ನಿನ್ನೆ ಬೆಳಿಗ್ಗೆ ನನಗೂ ಸ್ವಲ್ಪ ನಡುಕ ಬಂತು. ಅವಸರ ಮಾಡಬೇಡ.

ಅಪ್ಪ

ಫೆಬ್ರವರಿ 25

ಅಪ್ಪನಿಗೆ,

ಅಮ್ಮ ಏಪ್ರಿಲಿನಲ್ಲೂ ಫ್ಯಾನ್ ಹಾಕಿಕೊಂಡು ಕಂಬಳಿ ಹೊದೆಯುತ್ತಾಳೆ. ಇಲ್ಲಿ ನಾನು ಬೆಳಿಗ್ಗೆ ತಣ್ಣೀರಿನಲ್ಲಿ ಸ್ನಾನ ಮಾಡುತ್ತಿದ್ದೇನೆ. ಚಳಿ ಮುಗಿದಿದೆ, ನಿನಗೂ ಗೊತ್ತು. ಕಂಬಳಿಯ ಕೆಳಗಿನಿಂದ ನುಸುಳಿ ನಾನು ಪರವಾನಗಿ ತೆಗೆದುಕೊಳ್ಳುವುದಿಲ್ಲ.

ನಿನಗೆ ಏನೋ ಆಗಿದೆ. ಷರತ್ತಿನಲ್ಲಿ ಒಂದು ಅಕ್ಷರ ಬಿಡದವನು ಕಂಬಳಿಯ ನೆಪ ಹೇಳುತ್ತೀಯ. ರೂಟಿನ ಸುದ್ದಿ ಕೇಳಿದರೆ ಉತ್ತರ ಇಲ್ಲ. ಹೊಸಬರಿಗೆ ಹೇಗೆ ಕಲಿಸುತ್ತಾರೆ ಅಂತ ಕೇಳುತ್ತೀಯ. ಏನು ಮುಚ್ಚಿಡುತ್ತಿದ್ದೀಯ?

ಬ್ಯಾಗು ಕಟ್ಟಿದ್ದೇನೆ. ಉತ್ತರ ಬಂದ ಮೇಲೆ ಹೊರಡುತ್ತೇನೆ.

ಬುಗುರಿ

ಮಾರ್ಚ್ 1

ಬುಗುರಿಗೆ,

ಸರಿ. ಚಳಿ ಮುಗಿದಿದೆ.

ನವೆಂಬರ್ ಕೊನೆಯಿಂದ ನಾನು ರೂಟಿನಲ್ಲಿಲ್ಲ. ಸಂಜೆಯಾದರೆ ದೂರದ್ದು ಮಸುಕು ಅಂತ ಕಣ್ಣಿನ ಡಾಕ್ಟರು ಅಕ್ಟೋಬರಿನಲ್ಲೇ ಹೇಳಿದ್ದರು. ಅಮ್ಮನಿಗೆ ಮಾತ್ರ ಗೊತ್ತಿತ್ತು. ನೀನು ಬೋಟು ಅಂತ ಹೊರಟದ್ದು ಅದೇ ವಾರ. ಸ್ಟೀರಿಂಗ್ ನಂಬಿದವನಿಗೆ ಕೊನೆಗೆ ಹೀಗಾಗುತ್ತದೆ, ಮಗಳಿಗೆ ಕುರ್ಚಿಯ ಕೆಲಸವಾದರೂ ಇರಲಿ ಅನ್ನುವ ಹೆದರಿಕೆಯಲ್ಲಿ ಆ ಷರತ್ತು ಹಾಕಿದೆ. ನಿನಗೆ ಹೇಳಲಿಲ್ಲ. ಬಸ್ ಇಲ್ಲದ ಅಪ್ಪನನ್ನು ನೀನು ಕಾಗದದಲ್ಲೂ ನೋಡಬಾರದು ಅನ್ನಿಸಿತ್ತು.

ಈಗ ಡಿಪೋದ ಅಂಗಳದಲ್ಲಿ ಹೊಸ ಡ್ರೈವರುಗಳಿಗೆ ಕಲಿಸುತ್ತೇನೆ. ಮೊದಲು ಎರಡು ವಾರ ಮುಖ ಗಂಟಿಕ್ಕಿಕೊಂಡಿದ್ದೆ. ಆಮೇಲೆ ನಿನ್ನ ಕಾಗದಗಳು ಕೆಲಸಕ್ಕೆ ಬಂದವು. ಬಸ್ಸಿಗೆ ಎರಡು ಬೆರಳು ಸಾಲದು, ಆದರೆ ಹಾಡು ಸಾಕು. ಸ್ಟೀರಿಂಗನ್ನು ಕುತ್ತಿಗೆ ಹಿಡಿದ ಹಾಗೆ ಹಿಡಿಯುತ್ತಿದ್ದ ಒಬ್ಬ ಈಗ ಗುನುಗಿಕೊಂಡು ಓಡಿಸುತ್ತಾನೆ. ಕೇಳಲು ಆಗುವುದಿಲ್ಲ, ನೋಡಲು ಚೆನ್ನಾಗಿದೆ.

ರಿವರ್ಸ್ ಕಲಿಸಲು ಎರಡು ಡ್ರಮ್ಮು ಇಟ್ಟು ಅವುಗಳ ನಡುವೆ ಬಸ್ ಹಿಂದೆ ತೆಗೆಯಿಸುತ್ತೇವೆ. ಎಲ್ಲರೂ ತಾಗಿಸುತ್ತಾರೆ, ತಾಗಿಸಿ ಯಾರು ನೋಡಿದರು ಅಂತ ಕನ್ನಡಿ ನೋಡುತ್ತಾರೆ. ಅದಕ್ಕೆ ನಿಮ್ಮ ನಿಯಮ ತಂದೆ. ತಾಗಿದರೆ ತಾನೇ ಇಳಿದು ಅಂಗಳಕ್ಕೆ ಒಂದು ಸುತ್ತು. ನಡೆದುಕೊಂಡು, ಯಾಕೆಂದರೆ ಡೀಸೆಲ್ ನಿಮ್ಮ ಗಾಳಿಯ ಹಾಗೆ ಬಿಟ್ಟಿ ಅಲ್ಲ. ಇವತ್ತಿನವರೆಗೆ ಒಬ್ಬನೂ ಸುತ್ತು ಹಾಕಿಲ್ಲ. ಡ್ರಮ್ಮಿಗೆ ಮಾತ್ರ ದಿನವೂ ಹೊಸ ಬಣ್ಣ ಅಂಟಿರುತ್ತದೆ.

ಇನ್ನು ನಮ್ಮ ಮಾತು. ಮಾತು ಇಬ್ಬರದು. ಹೆದರಿಕೊಂಡು ಹಾಕಿದ ನನ್ನ ಅರ್ಧ ನಾನು ವಾಪಸ್ ತೆಗೆದುಕೊಂಡೆ. ಇದು ಕಂಬಳಿಯ ನೆಪವಲ್ಲ. ನಿನ್ನ ಅರ್ಧವೊಂದೇ ನಿಲ್ಲುವುದಿಲ್ಲ. ಬ್ಯಾಗು ಬಿಚ್ಚಿ ಪರವಾನಗಿ ಪರೀಕ್ಷೆಗೆ ಕೂತ್ಕೋ.

ಅಪ್ಪ

ಮಾರ್ಚ್ 6

ಅಪ್ಪನಿಗೆ,

ಬ್ಯಾಗು ಬಿಚ್ಚಿದೆ. ನಿನ್ನ ಕಾಗದವನ್ನು ನೀರಿನ ದಂಡೆಯಲ್ಲಿ ಕೂತು ಓದಿದೆ, ಸ್ವಲ್ಪ ಅತ್ತೆ. ಮೊದಲೇ ಹೇಳದ್ದಕ್ಕೆ ಸಿಟ್ಟೂ ಇದೆ, ಅದನ್ನು ಬಂದಾಗ ತೀರಿಸುತ್ತೇನೆ.

ಪರೀಕ್ಷೆ ಇಪ್ಪತ್ತಕ್ಕೆ. ಗುಮಾಸ್ತರು ಈ ಸಲ ತಾಯಾಣೆ ಕೂರುವುದಿಲ್ಲ ಅಂದಿದ್ದಾರೆ. ದೋಣಿಯ ಬಗ್ಗೆ ಏನೂ ತಿಳಿಯದ ಒಬ್ಬರು ಬೇಕು. ನಿನಗಿಂತ ಯೋಗ್ಯರು ನನಗೆ ಗೊತ್ತಿಲ್ಲ. ಬಾ.

ನಾನು ಹೇಳಿದ ಬದಿಗೆ ಕೂರಬೇಕು. "ತಲೆ" ಅಂದಾಗ ಬಗ್ಗಬೇಕು. ಚುಕ್ಕಾಣಿ ಮುಟ್ಟುವಂತಿಲ್ಲ. ಬ್ರೇಕ್ ಹುಡುಕುವಂತಿಲ್ಲ.

ಬುಗುರಿ

ಮಾರ್ಚ್ 24

ಬುಗುರಿಗೆ,

ಮನೆಗೆ ಬಂದು ಮೂರು ದಿನವಾದರೂ ನೆಲ ತೂಗುತ್ತಿದೆ. ಅಮ್ಮನಿಗೆ ಎಲ್ಲ ಹೇಳಿದೆ. ಒಂದು ಮಾತ್ರ ಇವತ್ತು ಹೇಳಿದೆ.

ಆ ಮೂರನೇ ಬೋಯಾ. ಅದು ನನ್ನ ಬದಿಗೇ ಬರುತ್ತಿತ್ತು. ಸಂದಿ ಗೇಣಗಲ ಇತ್ತೋ ಇಲ್ಲವೋ. ನೀನು ಚೆನ್ನಾಗಿಯೇ ತಿರುಗಿಸುತ್ತಿದ್ದೆ, ಬಿಟ್ಟಿದ್ದರೆ ತಾಗದೇ ದಾಟುತ್ತಿತ್ತು, ಆಮೇಲೆ ಯೋಚಿಸಿದಾಗ ತಿಳಿಯಿತು. ಆದರೆ ಬಸ್ಸಿನವನ ಕೈ, ಸುಮ್ಮನಿರಲಿಲ್ಲ. ನೀಡಿ ಅದನ್ನು ಆಚೆ ದಬ್ಬಿಬಿಟ್ಟೆ. ಕಾಪಾಡಿದೆ ಅಂತ ಒಂದು ಕ್ಷಣ ಹೆಮ್ಮೆಯೂ ಆಯಿತು. ಕೂತವರ ಕೈ ತಾಗಿದರೂ ದೋಣಿ ತಾಗಿದ ಹಾಗೆಯೇ ಅಂತ ನನಗೆ ಗೊತ್ತಿರಲಿಲ್ಲ.

ತಿರುಗಿ ನಿನ್ನ ಮುಖ ನೋಡಿದೆ. ಯಾರು ನೋಡಿದರು ಬಿಡು ಅನ್ನಲು ಬಾಯಿ ತೆರೆದಿದ್ದೆ. ಅಂಗೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ನೀನು ಬೈಯಲಿಲ್ಲ. ಬಾವುಟದ ಕಡೆ ಒಮ್ಮೆ ನೋಡಿದೆ, ಗಾಳಿಯ ಕಡೆ ಒಮ್ಮೆ ನೋಡಿದೆ, "ತಲೆ" ಅಂದೆ ಅಷ್ಟೇ. ನಾನು ಬಗ್ಗಿದೆ. ದೋಣಿ ಸುತ್ತು ಹಾಕಿತು. ಈ ಸಲ ಗಾಳಿ ಕೈಬಿಡಲಿಲ್ಲ. ಜೆಟ್ಟಿ ಎದುರಿಗೆ ಓಡಿ ಬರುವಾಗ ನಾನು ಬಲಗಾಲು ಒತ್ತಿ ಹಿಡಿದದ್ದನ್ನು ನೀನು ನೋಡಲಿಲ್ಲ ಅಂದುಕೊಂಡಿದ್ದೇನೆ. ಜೆಟ್ಟಿಗೆ ದೋಣಿ ಮುತ್ತಿಟ್ಟ ಹಾಗೆ ನಿಂತಿತು. ಆಮೇಲೆ ಬಾವುಟ ಇಳಿಯಿತು.

ಪರವಾನಗಿ ಕೊಡುವಾಗ ಕ್ಯಾಪ್ಟನಮ್ಮ ನನಗೆ, "ನಿಮ್ಮ ಕೈನ ಜೇಬಲ್ಲಿ ಇಟ್ಕೊಳಿ, ಯಜಮಾನ್ರೇ" ಅಂದರಲ್ಲ. ದಡದಿಂದ ಅವರಿಗೆ ಕಂಡಿತ್ತೇ, ನೀನೇ ಹೇಳಿದೆಯೇ ಅಂತ ಕೇಳಲಿಲ್ಲ. ನೀನೇ ಹೇಳಿರುತ್ತೀಯ.

ನೀನು ಬಿಟ್ಟ ಆ ಶಾಲೆಯ ಪರೀಕ್ಷೆಯ ಮಾತು ಇನ್ನು ಎತ್ತುವುದಿಲ್ಲ. ಪುಸ್ತಕಗಳು ಅಮ್ಮನ ಬಟ್ಟೆಯ ಮೇಲೇ ಇರಲಿ, ಅವಳಿಗೆ ಭಾರಕ್ಕೆ ಬೇರೆ ಏನೂ ಹಿಡಿಸುತ್ತಿಲ್ಲವಂತೆ.

ಇವತ್ತು ಡಿಪೋದಲ್ಲಿ ಹುಡುಗರನ್ನು ಗೋಡೆ ಪಕ್ಕ ನಿಲ್ಲಿಸಿ, ರಿವರ್ಸ್ ಅಂದರೆ ಹೀಗೆ ಅಂತ ನಾನೇ ಬಸ್ ತೆಗೆದು ತೋರಿಸಿದೆ. ದೋಣಿಯ ಅಮಲು ಇನ್ನೂ ಇಳಿದಿರಲಿಲ್ಲವೋ ಏನೋ, ಎಡಗಡೆಯ ಡ್ರಮ್ಮು ಸ್ವಲ್ಪವೇ ಸ್ವಲ್ಪ ಅಲುಗಿತು. ಬಸ್ ಅಡ್ಡ ಇತ್ತು, ಹುಡುಗರಿಗೆ ಕಾಣುವ ಹಾಗಿರಲಿಲ್ಲ. ಕನ್ನಡಿಯಲ್ಲಿ ನನಗೆ ಕಂಡಿತು.

ಎಂಜಿನ್ ಆಫ್ ಮಾಡಿ ಇಳಿದೆ. ಗೋಡೆಯ ಬದಿಯಿಂದ ಅಂಗಳ ಸುತ್ತಲು ಹೊರಟೆ. ಮೊದಲು ಹುಡುಗರು ನಕ್ಕರು. ಡೀಸೆಲ್ ಪಂಪಿನ ಹತ್ತಿರ ತಿರುಗುವ ಹೊತ್ತಿಗೆ ನಗು ನಿಂತಿತ್ತು, ಹಿಂದೆ ಚಪ್ಪಲಿಯ ಸದ್ದು ಕೇಳಿತು. ನೋಡಿದರೆ ಆ ಹಾಡು ಗುನುಗುವವನು.

"ನೀನ್ಯಾಕೋ ಬಂದೆ? ನೀನಿವತ್ತು ಬಸ್ಸೇ ಹತ್ತಿಲ್ವಲ್ಲ" ಅಂದೆ.

"ನಿನ್ನೆ ದಿನದ್ದು ಸಾರ್" ಅಂದ.

ಅಪ್ಪ